ಮನೆಯಲ್ಲಿ ಕಟ್ಟಿದ ಗಿಟಾರ್ ಪೆಡಲ್‌ನಲ್ಲಿ ಬೇಡದ ಸದ್ದು: ಮೂಲ ಹುಡುಕುವುದು, ಸರಿಪಡಿಸುವುದು ಹೇಗೆ?

ಪೆಡಲ್ ಕಟ್ಟಿ ಮುಗಿಸಿ, ಗಿಟಾರ್ ಜೋಡಿಸಿ, ಸ್ವಿಚ್ ತುಳಿದ ಕೂಡಲೇ ಸ್ವರದ ಬೆನ್ನಿಗೇ ಗುಂಯ್ ಎಂದೋ ಸುಯ್ ಎಂದೋ ಬೇಡದ ಸದ್ದು ಬಂದರೆ ಹೆಚ್ಚಿನವರು ಮೊದಲು ಐಸಿ ಬದಲಿಸುತ್ತಾರೆ, ಆಮೇಲೆ ಕೆಪಾಸಿಟರ್, ಆಮೇಲೆ ಕೈಗೆ ಸಿಕ್ಕ ಬಿಡಿಭಾಗ. ಹೀಗೆ ಮಾಡಿ ಸದ್ದು ಹೋಗುವುದು ಅಪರೂಪ. ಬೋರ್ಡಿನ ತಾಮ್ರದ ಪಟ್ಟಿ ಕಿತ್ತುಬರುವುದೇ ಹೆಚ್ಚು. ಬಿಡಿಭಾಗ ಕೆಟ್ಟು ಬರುವ ಸದ್ದಿಗಿಂತ ವೈರಿಂಗ್, ಗ್ರೌಂಡ್ ಮತ್ತು ವಿದ್ಯುತ್ ಪೂರೈಕೆಯ ತಪ್ಪಿನಿಂದ ಬರುವ ಸದ್ದೇ ಜಾಸ್ತಿ. ಆದ್ದರಿಂದ ಸದ್ದು ಎಲ್ಲಿಂದ ಒಳಗೆ ಬರುತ್ತಿದೆ ಎಂದು ಗೊತ್ತಾಗುವ ತನಕ ಸೋಲ್ಡರಿಂಗ್ ಐರನ್ ತಣ್ಣಗೇ ಇರಲಿ. ಕಿವಿ, ಒಂದು ಮಲ್ಟಿಮೀಟರ್ ಮತ್ತು ಒಂದು ಬ್ಯಾಟರಿ ಇದ್ದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯುತ್ತದೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಡಿಜಿಟಲ್ ಮಲ್ಟಿಮೀಟರ್, ಹೊಸ 9 ವೋಲ್ಟ್ ಬ್ಯಾಟರಿ, ಚೆನ್ನಾಗಿದೆ ಎಂದು ಖಚಿತವಾಗಿ ಗೊತ್ತಿರುವ ಎರಡು ಕೇಬಲ್, ಮೊಸಳೆ ಕ್ಲಿಪ್ ಇರುವ ಎರಡು ತಂತಿ, 100 ನ್ಯಾನೋಫ್ಯಾರಡ್‌ನ ಒಂದು ಕೆಪಾಸಿಟರ್, 100 ಮೈಕ್ರೋಫ್ಯಾರಡ್‌ನ ಒಂದು ಎಲೆಕ್ಟ್ರೊಲಿಟಿಕ್, ಒಂದು ಮರದ ಕಡ್ಡಿ. ಇವುಗಳ ಜೊತೆಗೆ ಒಂದು ಶಾರ್ಟಿಂಗ್ ಪ್ಲಗ್ ಮಾಡಿಕೊಳ್ಳಿ: ಸಾಮಾನ್ಯ ಮೋನೋ ಗಿಟಾರ್ ಪ್ಲಗ್‌ನ ಒಳಗೆ ತುದಿಯ ಟ್ಯಾಗ್ ಮತ್ತು ಸ್ಲೀವ್‌ನ ಟ್ಯಾಗ್ ಎರಡನ್ನೂ ಒಂದು ತುಂಡು ತಂತಿಯಿಂದ ಬೆಸೆದರೆ ಆಯಿತು. ಇದನ್ನು ಪೆಡಲ್‌ನ ಇನ್‌ಪುಟ್‌ಗೆ ಹಾಕಿದರೆ ಹೊರಗಿನಿಂದ ಒಳಗೆ ಏನೂ ಬರುವುದಿಲ್ಲ. ಆಗಲೂ ಕೇಳುವ ಸದ್ದು ಪೆಡಲ್‌ನದೇ.

ಒಂದು ಎಚ್ಚರಿಕೆ. ಇಲ್ಲಿ ಹೇಳಿರುವುದೆಲ್ಲ 9ರಿಂದ 18 ವೋಲ್ಟ್ ಡಿಸಿಯಲ್ಲಿ ಓಡುವ ಪೆಡಲ್‌ಗಳಿಗೆ ಮಾತ್ರ. ವಾಲ್ವ್ ಆಂಪ್‌ನ ಒಳಗಾಗಲಿ, ಗೋಡೆಗೆ ಚುಚ್ಚುವ ಅಡಾಪ್ಟರ್‌ನ ಒಳಗಾಗಲಿ ಕೈ ಹಾಕಬೇಡಿ. ಗುಂಯ್‌ಗುಡುವುದು ನಿಲ್ಲುತ್ತದೆ ಎಂದು ಆಂಪ್‌ನ ಅರ್ತ್ ಪಿನ್ ಕಿತ್ತುಹಾಕುವವರಿದ್ದಾರೆ. ಸದ್ದು ಕೆಲವೊಮ್ಮೆ ನಿಲ್ಲುವುದೂ ಹೌದು. ಆದರೆ ಆಂಪ್‌ನ ಒಳಗೆ ಏನಾದರೂ ದೋಷ ಬಂದ ದಿನ ಗಿಟಾರ್ ತಂತಿಯ ಮೂಲಕ ಮುಖ್ಯ ವಿದ್ಯುತ್ತು ನುಡಿಸುವವರ ಮೈಗೆ ಹರಿಯುತ್ತದೆ.

ಮೊದಲ ಹೆಜ್ಜೆ: ಸದ್ದು ಪೆಡಲ್‌ನದೇ ಎಂದು ಖಚಿತಪಡಿಸಿಕೊಳ್ಳಿ

ಆಂಪ್‌ನ ಸೆಟ್ಟಿಂಗ್ ಒಮ್ಮೆ ಇಟ್ಟ ಮೇಲೆ ಮುಟ್ಟಬಾರದು. ಪೆಡಲ್ ಪೆಟ್ಟಿಗೆಯೊಳಗೆ ಕೂತು, ಮುಚ್ಚಳ ಹಾಕಿರಬೇಕು. ಮೇಜಿನ ಮೇಲೆ ಬೋರ್ಡು ಬಿಚ್ಚಿಟ್ಟು ಪರೀಕ್ಷಿಸುವಾಗ ಗುಂಯ್ ಎನ್ನುವುದು ಸಹಜ. ಲೋಹದ ಪೆಟ್ಟಿಗೆಯೊಳಗೆ ಹೋದ ಮೇಲೆ ಅದರಲ್ಲಿ ಬಹುಪಾಲು ತಾನಾಗಿಯೇ ಇಳಿಯುತ್ತದೆ. ಪೆಟ್ಟಿಗೆಗೆ ಹಾಕದ ಪೆಡಲ್‌ನ ಸದ್ದಿನ ಮೇಲೆ ತೀರ್ಪು ಕೊಡಬೇಡಿ.

1. ಗಿಟಾರನ್ನು ನೇರವಾಗಿ ಆಂಪ್‌ಗೆ ಜೋಡಿಸಿ ಕೇಳಿ. ಸಿಂಗಲ್ ಕಾಯಿಲ್ ಪಿಕಪ್ ಇದ್ದರೆ ಗಿಟಾರ್ ಹಿಡಿದುಕೊಂಡು ನಿಧಾನವಾಗಿ ಒಂದು ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಏರಿ ಇನ್ನೊಂದರಲ್ಲಿ ಇಳಿದರೆ ಪಿಕಪ್ಪೇ ಸುತ್ತಲಿನ ಟ್ರಾನ್ಸ್‌ಫಾರ್ಮರ್‌ಗಳ ಕಾಂತಕ್ಷೇತ್ರ ಹಿಡಿಯುತ್ತಿದೆ. ಗೇನ್ (ಸಿಗ್ನಲ್ ಹಿಗ್ಗಿಸುವ) ಪೆಡಲ್ ಅದನ್ನು ಹಿಗ್ಗಿಸಿ ತೋರಿಸುತ್ತದೆ ಅಷ್ಟೆ.
2. ಪೆಡಲ್ ನಡುವೆ ಸೇರಿಸಿ, ಬೈಪಾಸ್‌ನಲ್ಲಿಟ್ಟು ಕೇಳಿ. ಟ್ರೂ ಬೈಪಾಸ್‌ನಲ್ಲಿ ಸಿಗ್ನಲ್ ಬೋರ್ಡಿಗೆ ಹೋಗುವುದೇ ಇಲ್ಲ. ಆಗಲೂ ಹೊಸ ಸದ್ದು ಸೇರಿದರೆ ಜಾಕ್, ಸ್ವಿಚ್, ಪೆಟ್ಟಿಗೆಯ ಗ್ರೌಂಡ್ ಈ ಮೂರರಲ್ಲೇ ತಪ್ಪಿದೆ.
3. ಪೆಡಲ್ ಆನ್ ಮಾಡಿ, ಗಿಟಾರ್‌ನ ವಾಲ್ಯೂಮ್ ಪೂರ್ತಿ ಇಳಿಸಿ. ಆಗ ಸದ್ದು ಹೋದರೆ ಅದು ಪಿಕಪ್ಪಿನಿಂದ ಬರುತ್ತಿತ್ತು.
4. ಗಿಟಾರ್ ಕೇಬಲ್ ತೆಗೆದು ಶಾರ್ಟಿಂಗ್ ಪ್ಲಗ್ ಹಾಕಿ. ಸದ್ದು ಹೋದರೆ ಕೇಬಲ್ ಅಥವಾ ಗಿಟಾರ್ ನೋಡಬೇಕು, ಪೆಡಲ್ ಅಲ್ಲ.
5. ಅಡಾಪ್ಟರ್ ತೆಗೆದು ಹೊಸ ಬ್ಯಾಟರಿ ಹಾಕಿ. ಬ್ಯಾಟರಿ ಕ್ಲಿಪ್ ಇಲ್ಲದ ಪೆಡಲ್ ಆದರೆ ಮೊಸಳೆ ಕ್ಲಿಪ್‌ನಿಂದ ಡಿಸಿ ಜಾಕ್‌ನ ಟ್ಯಾಗ್‌ಗಳಿಗೆ ಜೋಡಿಸಿ. ಧ್ರುವತೆ ಎರಡು ಸಲ ನೋಡಿ.

ಇಷ್ಟಾದ ಮೇಲೆ ಪೆಡಲ್‌ನ ಗುಬ್ಬಿಗಳೇ (ನಾಬ್‌ಗಳೇ) ಮುಂದಿನ ಸುಳಿವು ಕೊಡುತ್ತವೆ. ಶಾರ್ಟಿಂಗ್ ಪ್ಲಗ್ ಇದ್ದ ಹಾಗೇ ಗೇನ್ ಗುಬ್ಬಿ ತಿರುಗಿಸಿ. ಸದ್ದು ಅದರ ಜೊತೆಗೇ ಏರಿದರೆ ಮೂಲ ಗೇನ್ ಹಂತದಲ್ಲೋ ಅದರ ಮೊದಲೋ ಇದೆ. ಗೇನ್‌ಗೆ ಬಗ್ಗದೆ ವಾಲ್ಯೂಮ್ ಗುಬ್ಬಿಗೆ ಮಾತ್ರ ಬಗ್ಗಿದರೆ ಅವೆರಡರ ನಡುವೆ. ವಾಲ್ಯೂಮ್ ಸೊನ್ನೆಗೆ ತಂದರೂ ಇದ್ದಷ್ಟೇ ಇದ್ದರೆ ಔಟ್‌ಪುಟ್ ವೈರಿಂಗ್, ಗ್ರೌಂಡ್ ಅಥವಾ ಆಂಪ್‌ನ ಕಡೆಯಿಂದ ಬರುತ್ತಿದೆ. ಸರ್ಕ್ಯೂಟನ್ನು ಮೂರು ಪಾಲು ಮಾಡುವ ಈ ಪರೀಕ್ಷೆಗೆ ಒಂದು ಬೆಸುಗೆಯನ್ನೂ ಬಿಚ್ಚಬೇಕಿಲ್ಲ.

ಇನ್‌ಪುಟ್‌ಗೆ ಏನನ್ನೂ ಹಾಕದೆ, ಖಾಲಿ ಬಿಟ್ಟು ಪರೀಕ್ಷಿಸಿದರೆ ದಾರಿ ತಪ್ಪುತ್ತದೆ. ಆಗ ಮೊದಲ ಹಂತ ನೋಡುವುದು ಗ್ರೌಂಡ್‌ಗೆ ಹೋಗುವ 1 ಮೆಗಾ ಓಮ್ ರೆಸಿಸ್ಟರನ್ನು ಮಾತ್ರ. ಚೆನ್ನಾಗಿ ಕಟ್ಟಿದ ಪೆಡಲ್ ಕೂಡ ಆಗ ಸುಯ್‌ಗುಡುತ್ತದೆ, ಕೈ ಹತ್ತಿರ ತಂದರೆ ಗುಂಯ್ ಎನ್ನುತ್ತದೆ.

ಎರಡನೆಯದು: ಸದ್ದಿನ ಶ್ರುತಿ ಗುರುತಿಸಿ

ಗುಂಯ್ ಎನ್ನುವ ಸದ್ದಿನಲ್ಲಿ ಎರಡು ಬಗೆ. ಮುಖ್ಯ ವಿದ್ಯುತ್ತಿನದೇ ಆವರ್ತನ, ಅಂದರೆ 50 ಅಥವಾ 60 ಹರ್ಟ್ಜ್. ಅಥವಾ ಅದರ ಎರಡು ಪಟ್ಟು, 100 ಅಥವಾ 120 ಹರ್ಟ್ಜ್. ಇವೆರಡರ ಕಾರಣ ಬೇರೆ ಬೇರೆ, ಹಾಗಾಗಿ ಯಾವುದು ಎಂದು ತಿಳಿಯುವುದು ಮುಖ್ಯ. ಇದಕ್ಕೆ ಯಂತ್ರ ಬೇಡ, ಗಿಟಾರೇ ಸಾಕು. ಸಾಮಾನ್ಯ ಶ್ರುತಿಯಲ್ಲಿ ದಪ್ಪ ಇ ತಂತಿಯ ಮೂರನೇ ಫ್ರೆಟ್ 98 ಹರ್ಟ್ಜ್, ಎ ತಂತಿಯ ಎರಡನೇ ಫ್ರೆಟ್ 123.5 ಹರ್ಟ್ಜ್. 50 ಹರ್ಟ್ಜ್ ವಿದ್ಯುತ್ ಇರುವ ಕಡೆ ಮೊದಲನೆಯದನ್ನು, 60 ಹರ್ಟ್ಜ್ ಇರುವ ಕಡೆ ಎರಡನೆಯದನ್ನು ಮೀಟಿ. ಪೆಡಲ್‌ನ ಸದ್ದು ಆ ಸ್ವರಕ್ಕೆ ಹೆಚ್ಚುಕಡಿಮೆ ಕೂಡಿದರೆ ಅದು ಅಡಾಪ್ಟರ್‌ನ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ದಾಟಿ ಬಂದ ಅಲೆ, ಎಂದರೆ ವಿದ್ಯುತ್ ಪೂರೈಕೆಯ ಶೋಧನೆ ಸಾಲದು. ಒಂದು ಸ್ಥಾಯಿ ಕೆಳಗಿದ್ದರೆ ಗಾಳಿಯಿಂದ ಹಿಡಿದದ್ದು ಅಥವಾ ಗ್ರೌಂಡ್ ಲೂಪ್ (ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆದ ಸುತ್ತು).

ಉಳಿದವನ್ನು ಕಿವಿಯಲ್ಲೇ ಬೇರ್ಪಡಿಸಬಹುದು. ಶ್ರುತಿಯೇ ಇಲ್ಲದ ಸುಯ್ ಎಂಬ ಸದ್ದು ಬಿಡಿಭಾಗಗಳ ಉಷ್ಣ ಸದ್ದು. ಸಣ್ಣಗೆ ಕುಂಯ್ ಎನ್ನುವುದು ಸ್ವಿಚಿಂಗ್ ಅಡಾಪ್ಟರ್, ಚಾರ್ಜ್ ಪಂಪ್ (ವೋಲ್ಟೇಜ್ ಹೆಚ್ಚಿಸುವ ಅಥವಾ ತಿರುಗಿಸುವ ಐಸಿ) ಅಥವಾ ಡಿಜಿಟಲ್ ಐಸಿಯ ಗಡಿಯಾರ (ಕ್ಲಾಕ್ ಸಿಗ್ನಲ್). ಗುಬ್ಬಿ ತಿರುಗಿಸಿದಂತೆಲ್ಲ ಶ್ರುತಿ ಬದಲಿಸುತ್ತ ಕಿರುಚಿದರೆ ಆಸಿಲೇಷನ್, ಎಂದರೆ ಸರ್ಕ್ಯೂಟ್ ತಾನಾಗಿಯೇ ಕಂಪಿಸುವುದು. ಸಮಗತಿಯಲ್ಲಿ ಟಿಕ್ ಟಿಕ್ ಎಂದರೆ ಎಲ್‌ಎಫ್‌ಓ (ಸ್ವರವನ್ನು ನಿಧಾನವಾಗಿ ಏರಿಳಿಸುವ ಆಸಿಲೇಟರ್). ಚರಚರ ಎಂದರೆ ಸಡಿಲ ಬೆಸುಗೆ ಅಥವಾ ಪಾಟ್ (ಗುಬ್ಬಿಯ ಕೆಳಗಿನ ತಿರುಗಿಸುವ ರೆಸಿಸ್ಟರ್). ಬುಡುಬುಡು ಎಂದು ಮೋಟಾರ್ ದೋಣಿಯಂತೆ ಬಡಿದುಕೊಂಡರೆ ಸೋತ ಬ್ಯಾಟರಿ ಅಥವಾ ಪೂರೈಕೆಯ ಕೆಪಾಸಿಟರ್ ಇಲ್ಲದಿರುವುದು.

ಬ್ಯಾಟರಿಯಲ್ಲಿ ಇಲ್ಲ, ಅಡಾಪ್ಟರ್‌ನಲ್ಲಿ ಇದೆ

ಅತ್ಯಂತ ಸಾಮಾನ್ಯ ಸನ್ನಿವೇಶ ಇದು, ಪರಿಹಾರವೂ ಸುಲಭ. ಪೂರೈಕೆಯ ದಾರಿಯಲ್ಲಿ 100 ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ, ಅದರ ಬೋರ್ಡಿನ ಕಡೆಯ ತುದಿಯಿಂದ ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಕಟ್ಟಿ; ಅದು 25 ವೋಲ್ಟ್‌ನದಿರಲಿ. ಈ ಜೋಡಿಯ ಕಡಿತ ಆವರ್ತನ ಸುಮಾರು 16 ಹರ್ಟ್ಜ್. 100 ಹರ್ಟ್ಜ್‌ನ ಅಲೆ ಇದನ್ನು ದಾಟುವಾಗ ಆರನೇ ಒಂದರಷ್ಟಕ್ಕೆ ಕುಗ್ಗುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಹೆಚ್ಚಿನ ಆವರ್ತನಗಳಲ್ಲಿ ಮಂದವಾಗುವುದರಿಂದ ಅದರ ಪಕ್ಕಕ್ಕೇ 100 ನ್ಯಾನೋಫ್ಯಾರಡ್ ಸೆರಾಮಿಕ್ ಒಂದನ್ನು ಸಮಾಂತರವಾಗಿ ಸೇರಿಸಿ.

ಇಲ್ಲಿ ಒಂದು ಲೆಕ್ಕ ನೋಡಬೇಕು. ಡ್ಯುಯಲ್ ಆಪ್-ಆಂಪ್ (ಒಂದೇ ಐಸಿಯಲ್ಲಿ ಎರಡು ಆಂಪ್ಲಿಫೈಯರ್) ಇರುವ ಸಾಮಾನ್ಯ ಓವರ್‌ಡ್ರೈವ್ 5 ಮಿಲಿ ಆಂಪಿಯರ್‌ನಷ್ಟು ಎಳೆದರೆ 100 ಓಮ್‌ನಲ್ಲಿ ಕಳೆಯುವುದು ಅರ್ಧ ವೋಲ್ಟ್, ತೊಂದರೆಯಿಲ್ಲ. ಆದರೆ 30 ಮಿಲಿ ಆಂಪಿಯರ್ ಎಳೆಯುವ ಡಿಲೇ ಪೆಡಲ್‌ಗೆ ಅದೇ 100 ಓಮ್ ಹಾಕಿದರೆ 3 ವೋಲ್ಟ್ ಹೋಗಿಬಿಡುತ್ತದೆ. ಅಂಥದಕ್ಕೆ 10 ಓಮ್ ಮತ್ತು 470 ಮೈಕ್ರೋಫ್ಯಾರಡ್ ಹಾಕಿ. ಎಲ್‌ಇಡಿಗೆ ಹೋಗುವ ತಂತಿಯನ್ನು ಈ ಶೋಧಕದ ಮೊದಲೇ, ಅಡಾಪ್ಟರ್‌ನ ಕಡೆಯಿಂದಲೇ ತೆಗೆದುಕೊಳ್ಳಿ. ಆಡಿಯೋಗಾಗಿ ಸ್ವಚ್ಛ ಮಾಡಿದ ವಿದ್ಯುತ್ತಿನಿಂದ ದೀಪ ಉರಿಸಬೇಕಿಲ್ಲ.

ಶೋಧಕ ಇದ್ದೂ ಗುಂಯ್ ಎನ್ನುತ್ತಿದ್ದರೆ ಅರ್ಧ ವೋಲ್ಟೇಜಿನ ಬಿಂದು ನೋಡಿ. ಆಪ್-ಆಂಪ್ ಪೆಡಲ್‌ಗಳಲ್ಲಿ 10 ಕಿಲೋ ಓಮ್‌ನ ಎರಡು ರೆಸಿಸ್ಟರ್ 9 ವೋಲ್ಟನ್ನು ಒಡೆದು 4.5 ವೋಲ್ಟ್ ಮಾಡಿಕೊಡುತ್ತವೆ. ಇಡೀ ಆಡಿಯೋ ಸಿಗ್ನಲ್ ಈ ಬಿಂದುವಿನ ಮೇಲೆ ನಿಂತಿರುತ್ತದೆ. ಇಲ್ಲಿಂದ ಗ್ರೌಂಡ್‌ಗೆ 10ರಿಂದ 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲೇಬೇಕು. ಅದು ಇಲ್ಲದಿದ್ದರೆ, ಬೆಸುಗೆ ಹಿಡಿಯದಿದ್ದರೆ ಅಥವಾ ತಿರುಗಾಮುರುಗಾ ಕೂತಿದ್ದರೆ ಪೂರೈಕೆಯ ಅಲೆಯ ಅರ್ಧ ಪಾಲು ನೇರವಾಗಿ ಮೊದಲ ಹಂತದ ಇನ್‌ಪುಟ್‌ಗೆ ಹೋಗಿ ಪೂರ್ತಿ ಗೇನ್‌ನಿಂದ ಗುಣಿಸಲ್ಪಡುತ್ತದೆ. ಪರೀಕ್ಷೆ ಸರಳ: ಕೈಯಲ್ಲಿರುವ 100 ಮೈಕ್ರೋಫ್ಯಾರಡ್ ಕೆಪಾಸಿಟರ್‌ನ ಪಾಸಿಟಿವ್ ಕಾಲನ್ನು ಆ ಬಿಂದುವಿಗೂ ನೆಗೆಟಿವ್ ಕಾಲನ್ನು ಗ್ರೌಂಡ್‌ಗೂ ಮೊಸಳೆ ಕ್ಲಿಪ್‌ನಿಂದ ಹಿಡಿಸಿ. ಒಮ್ಮೆ ಟಪ್ ಎಂದು, ಆಮೇಲೆ ಗುಂಯ್ ನಿಂತರೆ ಅಪರಾಧಿ ಸಿಕ್ಕಿತು.

ಕುಂಯ್ ಎನ್ನುವ ಸದ್ದು ಅಡಾಪ್ಟರ್‌ನಿಂದ ಬಂದರೆ ಕಥೆ ಸ್ವಲ್ಪ ಬೇರೆ. ಸ್ವಿಚಿಂಗ್ ಅಡಾಪ್ಟರ್‌ಗಳು ಕಿವಿಗೆ ನಿಲುಕದಷ್ಟು ಎತ್ತರದ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಆದರೆ ಹೊರೆ ತೀರಾ ಕಡಿಮೆಯಿದ್ದಾಗ ಕೆಲವು ಅಡಾಪ್ಟರ್‌ಗಳು ಬಿಟ್ಟು ಬಿಟ್ಟು ಕೆಲಸ ಮಾಡತೊಡಗುತ್ತವೆ, ಆ ಬಿಡುವಿನ ಗತಿ ಕಿವಿಯ ವ್ಯಾಪ್ತಿಗೆ ಇಳಿಯುತ್ತದೆ. ಒಂದೇ ಪೂರೈಕೆಯಿಂದ ಸರಪಳಿ ಕೇಬಲ್ ಮೂಲಕ ಹಲವು ಪೆಡಲ್‌ಗಳಿಗೆ ವಿದ್ಯುತ್ ಕೊಟ್ಟಿದ್ದರೆ, ನಡುವೆ ಇರುವ ಡಿಜಿಟಲ್ ಪೆಡಲ್‌ನ ಗಡಿಯಾರ ಪಕ್ಕದ ಗೇನ್ ಪೆಡಲ್‌ನೊಳಗೆ ನುಸುಳುತ್ತದೆ. ಡಿಜಿಟಲ್ ಪೆಡಲ್ಲನ್ನು ಸರಪಳಿಯಿಂದ ಕಳಚಿ ಕೇಳಿ. ಸದ್ದು ಹೋದರೆ ಅದಕ್ಕೆ ಪ್ರತ್ಯೇಕಿತ ಔಟ್‌ಪುಟ್ ಇರುವ ಪೂರೈಕೆ ಬೇಕು, ನಿಮ್ಮ ಪೆಡಲ್‌ನಲ್ಲಿ ಬದಲಿಸುವಂಥದ್ದು ಏನೂ ಇಲ್ಲ.

ಹಳೆಯ ಮಾದರಿಯ, ಪಿಎನ್‌ಪಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುವ ಫಝ್‌ಗಳಲ್ಲಿ (ಸ್ವರವನ್ನು ಒರಟಾಗಿ ಒಡೆಯುವ ಪೆಡಲ್) ಪಾಸಿಟಿವ್ ತುದಿಯೇ ಗ್ರೌಂಡ್. ಅವನ್ನು ಬೇರೆ ಪೆಡಲ್‌ಗಳ ಸರಪಳಿಗೆ ಸೇರಿಸಿದರೆ ಪೂರೈಕೆಯೇ ಶಾರ್ಟ್ ಆಗುತ್ತದೆ. ಅವುಗಳಿಗೆ ಬ್ಯಾಟರಿಯೇ ವಾಸಿ.

ಬ್ಯಾಟರಿಯಲ್ಲೂ ಗುಂಯ್ ಎಂದರೆ: ಪೆಟ್ಟಿಗೆ ಮತ್ತು ಗ್ರೌಂಡ್

ಅಲ್ಯೂಮಿನಿಯಂ ಪೆಟ್ಟಿಗೆ ಗ್ರೌಂಡ್‌ಗೆ ತಾಗಿದ್ದರೆ ಮಾತ್ರ ಕವಚವಾಗುತ್ತದೆ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಒಂದು ಪ್ರೋಬ್ ಇನ್‌ಪುಟ್ ಜಾಕ್‌ನ ಸ್ಲೀವ್ ಟ್ಯಾಗ್‌ಗೆ, ಇನ್ನೊಂದನ್ನು ಪೆಟ್ಟಿಗೆಯ ಬಣ್ಣವಿಲ್ಲದ ಭಾಗಕ್ಕೆ ಮುಟ್ಟಿಸಿ. 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಆಮೇಲೆ ಮುಚ್ಚಳಕ್ಕೂ ಹೀಗೇ ನೋಡಿ. ಪೌಡರ್ ಕೋಟ್ ಒಳಗಿನ ಅಂಚಿನವರೆಗೂ ಹರಡಿರುವುದುಂಟು. ಆಗ ಜಾಕ್‌ನ ನಟ್ ಬಣ್ಣದ ಮೇಲೆ ಕೂತಿರುತ್ತದೆ, ಲೋಹಕ್ಕೆ ತಾಗಿರುವುದಿಲ್ಲ. ಜಾಕ್ ಕೂರುವ ರಂಧ್ರದ ಒಳಬದಿಯಲ್ಲಿ ಒಂದು ವಾಷರ್‌ನ ಅಗಲಕ್ಕೆ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಪ್ಲಾಸ್ಟಿಕ್ ದೇಹದ ಜಾಕ್ ಬಳಸಿದ್ದರೆ ಅದು ಪೆಟ್ಟಿಗೆಗೆ ತಾಗುವುದೇ ಇಲ್ಲ, ಪ್ರತ್ಯೇಕ ತಂತಿಯೊಂದನ್ನು ಸ್ಕ್ರೂಗೆ ಕಟ್ಟಬೇಕು. ಪೆಟ್ಟಿಗೆಯೇ ಪ್ಲಾಸ್ಟಿಕ್ ಆಗಿದ್ದರೆ ಒಳಗೆಲ್ಲ ತಾಮ್ರದ ಹಾಳೆ ಅಂಟಿಸಿ ಗ್ರೌಂಡ್ ಮಾಡಿ, ಪಾಟ್‌ಗಳ ಲೋಹದ ಬೆನ್ನನ್ನೂ ಅದಕ್ಕೆ ಸೇರಿಸಿ.

ಡಿಸಿ ಜಾಕ್ ವಿಷಯದಲ್ಲಿ ಮಾತ್ರ ಇದರ ತದ್ವಿರುದ್ಧ. ಪೆಡಲ್‌ಗಳಲ್ಲಿ ರೂಢಿಯಲ್ಲಿರುವುದು ನಡುವಿನ ಪಿನ್ ನೆಗೆಟಿವ್, ಹೊರಗಿನ ಬಳೆ ಪಾಸಿಟಿವ್. ಲೋಹದ ದೇಹದ ಡಿಸಿ ಜಾಕ್ ಹಾಕಿದರೆ ಪಾಸಿಟಿವ್ ಪೆಟ್ಟಿಗೆಗೆ ತಾಗಿ ಶಾರ್ಟ್ ಆಗುತ್ತದೆ. ಪ್ಲಾಸ್ಟಿಕ್ ದೇಹದ್ದೇ ಆಗಬೇಕು.

ಗ್ರೌಂಡ್ ತಂತಿಗಳನ್ನು ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಎಳೆದಿದ್ದರೆ ಎಲ್‌ಇಡಿಯ ಕರೆಂಟು ಆಡಿಯೋದ ಗ್ರೌಂಡ್ ತಂತಿಯಲ್ಲೇ ಹರಿದು ಅಲ್ಲಿ ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ. ಪೂರೈಕೆಯ 100 ಮೈಕ್ರೋಫ್ಯಾರಡ್ ಕೆಪಾಸಿಟರ್‌ನ ನೆಗೆಟಿವ್ ಕಾಲನ್ನು ಕೇಂದ್ರ ಎಂದುಕೊಳ್ಳಿ. ಡಿಸಿ ಜಾಕ್, ಇನ್‌ಪುಟ್ ಜಾಕ್, ಔಟ್‌ಪುಟ್ ಜಾಕ್, ಫುಟ್‌ಸ್ವಿಚ್ ಪ್ರತಿಯೊಂದರಿಂದಲೂ ಒಂದೊಂದು ತಂತಿ ಅಲ್ಲಿಗೇ ಬರಲಿ.

ಕಿರುಚುವ ಪೆಡಲ್

ಗೇನ್ ಪೂರ್ತಿ ತಿರುಗಿಸಿದಾಗ ಕೀ ಎಂದು ಕಿರುಚುವುದು ಡಿಸ್ಟಾರ್ಷನ್ ಮತ್ತು ಫಝ್ ಕಟ್ಟುವವರಿಗೆ ಚೆನ್ನಾಗಿ ಪರಿಚಿತ. ಔಟ್‌ಪುಟ್‌ನ ಸಿಗ್ನಲ್ ಹೇಗೋ ಇನ್‌ಪುಟ್‌ಗೆ ಮರಳಿ ಬಂದು, ಮತ್ತೆ ಹಿಗ್ಗಿ, ಮತ್ತೆ ಮರಳುತ್ತಿದೆ. 500 ಪಟ್ಟು ಗೇನ್ ಇರುವ ಪೆಡಲ್‌ನಲ್ಲಿ ಔಟ್‌ಪುಟ್‌ನ 500ರಲ್ಲಿ ಒಂದು ಭಾಗ ಅದೇ ಫೇಸ್‌ನಲ್ಲಿ ಇನ್‌ಪುಟ್‌ಗೆ ಸೋರಿದರೆ ಸಾಕು. ಪಕ್ಕಪಕ್ಕದಲ್ಲಿ ಓಡುವ ಎರಡು ತಂತಿಗಳ ನಡುವಿನ ಕೆಲವೇ ಪಿಕೋಫ್ಯಾರಡ್ ಧಾರಕತೆ ಅಷ್ಟನ್ನು ದಾಟಿಸುತ್ತದೆ.

ಪೆಡಲ್ ಕಿರುಚುತ್ತಿರುವಾಗಲೇ ಮರದ ಕಡ್ಡಿಯಿಂದ ತಂತಿಗಳನ್ನು ಒಂದೊಂದಾಗಿ ಅತ್ತಿತ್ತ ಸರಿಸಿ. ಯಾವ ತಂತಿ ಸರಿಸಿದಾಗ ಶ್ರುತಿ ಬದಲಾಗುತ್ತದೋ ಅದೇ ತಂತಿ. ಬಹಳ ಸಲ ಅದು ಇನ್‌ಪುಟ್ ಜಾಕ್‌ನಿಂದ ಫುಟ್‌ಸ್ವಿಚ್‌ಗೆ, ಅಲ್ಲಿಂದ ಬೋರ್ಡಿಗೆ ಬರುವ ತಂತಿಯೇ ಆಗಿರುತ್ತದೆ, ಏಕೆಂದರೆ ಫುಟ್‌ಸ್ವಿಚ್‌ನ ಬಳಿ ಇನ್‌ಪುಟ್ ಮತ್ತು ಔಟ್‌ಪುಟ್ ಎರಡೂ ಕೆಲವೇ ಮಿಲಿಮೀಟರ್ ಅಂತರದಲ್ಲಿ ಹಾದುಹೋಗುತ್ತವೆ. ಆ ತಂತಿಯನ್ನು ಆದಷ್ಟು ಮೊಟಕು ಮಾಡಿ, ಪೆಟ್ಟಿಗೆಯ ಗೋಡೆಗೆ ಒತ್ತಿಕೊಂಡು ಹೋಗುವಂತೆ ಮಡಿಸಿ. ಸಾಲದಿದ್ದರೆ ತೆಳ್ಳನೆಯ ಶೀಲ್ಡ್ ತಂತಿ ಬಳಸಿ. ಅದರ ಹೊರಹೆಣಿಗೆಯನ್ನು ಒಂದೇ ತುದಿಯಲ್ಲಿ ಗ್ರೌಂಡ್‌ಗೆ ಬೆಸೆಯಿರಿ. ಇನ್ನೊಂದು ತುದಿಯನ್ನು ಕತ್ತರಿಸಿ ಹೀಟ್‌ಶ್ರಿಂಕ್ ಹಾಕಿ, ಹೊರಚಾಚಿದ ಒಂದೇ ಎಳೆ ಬೋರ್ಡಿಗೆ ತಾಗಿದರೂ ಹೊಸ ತಲೆನೋವು.

ಬೈಪಾಸ್‌ನಲ್ಲಿದ್ದಾಗ ಹಿನ್ನೆಲೆಯಲ್ಲಿ ಸಣ್ಣಗೆ ಕಿರುಚುವುದು ಕೇಳಿದರೆ ಫುಟ್‌ಸ್ವಿಚ್‌ನ ವೈರಿಂಗ್ ನೋಡಿ. ಆಗಲೂ ಬೋರ್ಡಿಗೆ ವಿದ್ಯುತ್ ಇರುತ್ತದೆ, ಅದರ ಇನ್‌ಪುಟ್ ಮಾತ್ರ ಗಾಳಿಯಲ್ಲಿ ತೇಲುತ್ತಿರುತ್ತದೆ. 3ಪಿಡಿಟಿ ಸ್ವಿಚ್‌ನಲ್ಲಿ (ಮೂರು ದಾರಿಗಳನ್ನು ಒಟ್ಟಿಗೆ ಬದಲಿಸುವ ಫುಟ್‌ಸ್ವಿಚ್) ಬೈಪಾಸ್ ಆದಾಗ ಬೋರ್ಡಿನ ಇನ್‌ಪುಟ್ಟನ್ನು ಗ್ರೌಂಡ್‌ಗೆ ಸೇರಿಸುವ ವೈರಿಂಗ್ ಮಾಡಬಹುದು. ಹೆಚ್ಚು ಗೇನ್ ಇರುವ ಪೆಡಲ್‌ಗಳಿಗೆ ಅದು ಕಡ್ಡಾಯ ಎಂದೇ ಇಟ್ಟುಕೊಳ್ಳಿ.

ತಂತಿಗಳಿಂದ ಆಗದಿದ್ದರೆ ಆಮೇಲೆ ಸರ್ಕ್ಯೂಟ್. ಆಪ್-ಆಂಪ್‌ನ 4 ಮತ್ತು 8ನೇ ಪಿನ್‌ಗಳ ನಡುವೆ, ಐಸಿಗೆ ಅಂಟಿಕೊಂಡಂತೆ, 100 ನ್ಯಾನೋಫ್ಯಾರಡ್ ಇದೆಯೇ? ಫೀಡ್‌ಬ್ಯಾಕ್ ರೆಸಿಸ್ಟರ್‌ಗೆ ಸಮಾಂತರವಾಗಿ ಸಣ್ಣ ಕೆಪಾಸಿಟರ್ ಇದೆಯೇ? 500 ಕಿಲೋ ಓಮ್‌ಗೆ 51 ಪಿಕೋಫ್ಯಾರಡ್ ಹಾಕಿದರೆ ಸುಮಾರು 6.2 ಕಿಲೋಹರ್ಟ್ಜ್ ಮೇಲೆ ಗೇನ್ ಇಳಿಯತೊಡಗುತ್ತದೆ. ಗಿಟಾರ್‌ಗೆ ಅದರಿಂದ ನಷ್ಟವಿಲ್ಲ. 1 ಮೆಗಾ ಓಮ್‌ಗೆ 100 ಪಿಕೋಫ್ಯಾರಡ್ ಹಾಕಿದರೆ ಮಾತ್ರ 1.6 ಕಿಲೋಹರ್ಟ್ಜ್‌ನಲ್ಲೇ ಕಡಿತ ಶುರುವಾಗಿ ಸ್ವರ ಮಂಕಾಗುತ್ತದೆ, ಅಲ್ಲಿ 22 ಪಿಕೋಫ್ಯಾರಡ್ ಸಾಕು. ಟ್ರಾನ್ಸಿಸ್ಟರ್ ಫಝ್‌ಗಳಲ್ಲಿ ಕಲೆಕ್ಟರ್ ಮತ್ತು ಬೇಸ್ ನಡುವೆ 22ರಿಂದ 100 ಪಿಕೋಫ್ಯಾರಡ್ ಇದೇ ಕೆಲಸ ಮಾಡುತ್ತದೆ. ಡ್ಯುಯಲ್ ಆಪ್-ಆಂಪ್‌ನ ಅರ್ಧ ಭಾಗ ಬಳಸದೇ ಉಳಿದಿದ್ದರೆ ಅದರ ಪಿನ್‌ಗಳನ್ನು ಹಾಗೇ ಬಿಡಬೇಡಿ: ಔಟ್‌ಪುಟ್ಟನ್ನು ಇನ್ವರ್ಟಿಂಗ್ ಇನ್‌ಪುಟ್‌ಗೂ, ನಾನ್-ಇನ್ವರ್ಟಿಂಗ್ ಇನ್‌ಪುಟ್ಟನ್ನು 4.5 ವೋಲ್ಟ್ ಬಿಂದುವಿಗೂ ಕಟ್ಟಿ.

ಕೇಳಿಸದ ಆಸಿಲೇಷನ್ ಕೂಡ ಇದೆ. ಆವರ್ತನ ಕಿವಿಯ ಮಿತಿ ಮೀರಿರುತ್ತದೆ; ಸ್ವರ ಒಡೆದು ಸೊರಗುತ್ತದೆ, ಐಸಿ ಮುಟ್ಟಿದರೆ ಬೆಚ್ಚಗಿರುತ್ತದೆ. ಉದ್ದನೆಯ ಕೇಬಲ್‌ನ ಧಾರಕತೆಯನ್ನು ಆಪ್-ಆಂಪ್ ನೇರವಾಗಿ ಎಳೆಯುವಾಗ ಹೀಗಾಗುವುದುಂಟು. ಔಟ್‌ಪುಟ್‌ನಲ್ಲಿ 470 ಓಮ್ ಸರಣಿಯಲ್ಲಿ ಹಾಕಿದರೆ ನಿಲ್ಲುತ್ತದೆ.

ಸುಯ್ ಎನ್ನುವ ಸದ್ದನ್ನು ಎಷ್ಟು ಇಳಿಸಬಹುದು?

ಇದನ್ನು ಸೊನ್ನೆಗೆ ತರಲಾಗದು. ಪ್ರತಿ ರೆಸಿಸ್ಟರೂ ತನ್ನ ಉಷ್ಣತೆಯಿಂದಲೇ ಸದ್ದು ಮಾಡುತ್ತದೆ: ಕೋಣೆಯ ಉಷ್ಣತೆಯಲ್ಲಿ, 20 ಕಿಲೋಹರ್ಟ್ಜ್ ವ್ಯಾಪ್ತಿಯಲ್ಲಿ 10 ಕಿಲೋ ಓಮ್‌ಗೆ ಸುಮಾರು 1.8 ಮೈಕ್ರೋವೋಲ್ಟ್, 1 ಮೆಗಾ ಓಮ್‌ಗೆ 18 ಮೈಕ್ರೋವೋಲ್ಟ್. ಆಮೇಲೆ ಇದು ಗೇನ್‌ನಿಂದ ಗುಣಿಸಲ್ಪಡುತ್ತದೆ. ಫೀಡ್‌ಬ್ಯಾಕ್‌ನಲ್ಲಿ 51 ಕಿಲೋ ಓಮ್ ಮತ್ತು 500 ಕಿಲೋ ಓಮ್ ಪಾಟ್, ಗ್ರೌಂಡ್ ಕಡೆ 4.7 ಕಿಲೋ ಓಮ್ ಇರುವ ಸಾಮಾನ್ಯ ಓವರ್‌ಡ್ರೈವ್ ಗರಿಷ್ಠದಲ್ಲಿ ಸುಮಾರು 118 ಪಟ್ಟು, ಅಂದರೆ 41 ಡೆಸಿಬೆಲ್ ಹಿಗ್ಗಿಸುತ್ತದೆ.

ಹಾಗೆಂದು 1 ಮೆಗಾ ಓಮ್ ಕಂಡಲ್ಲೆಲ್ಲ ಕಿತ್ತುಹಾಕಬೇಡಿ. ಅದು ಇನ್‌ಪುಟ್‌ನಿಂದ 4.5 ವೋಲ್ಟ್ ಬಿಂದುವಿಗೋ ಗ್ರೌಂಡ್‌ಗೋ ಹೋಗುತ್ತಿದ್ದರೆ ಗಿಟಾರ್ ಪಿಕಪ್ ಅದಕ್ಕೆ ಸಮಾಂತರವಾಗಿದ್ದು, ಅದರ ಸದ್ದನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಸಿಗ್ನಲ್‌ನ ದಾರಿಯಲ್ಲಿ ಸರಣಿಯಲ್ಲಿರುವ ದೊಡ್ಡ ರೆಸಿಸ್ಟರ್ ಮಾತ್ರ ತನ್ನ ಪೂರ್ತಿ ಸದ್ದನ್ನು ಸೇರಿಸುತ್ತದೆ. ಮೊದಲ ಹಂತದಲ್ಲೇ 470 ಕಿಲೋ ಓಮ್‌ನಂಥದ್ದು ಸರಣಿಯಲ್ಲಿದ್ದರೆ ವಿನ್ಯಾಸವನ್ನೇ ಮರುಪರಿಶೀಲಿಸಿ. ಮೊದಲ ಎರಡು ಹಂತಗಳಲ್ಲಿ ಕಾರ್ಬನ್ ರೆಸಿಸ್ಟರ್‌ಗಳಿದ್ದರೆ 1 ಶೇಕಡಾ ಮೆಟಲ್ ಫಿಲ್ಮ್‌ಗೆ ಬದಲಿಸಿ. ಕೊನೆಯ ಹಂತದಲ್ಲಿ ಬದಲಿಸಿ ಪ್ರಯೋಜನವಿಲ್ಲ.

ಆಪ್-ಆಂಪ್ ಆಯ್ಕೆಯಲ್ಲಿ ಕಾಗದದ ಮೇಲಿನ ಅಂಕಿ ನಂಬಿ ಮೋಸ ಹೋಗುವುದು ಸುಲಭ. ಟಿಎಲ್072ರ ವೋಲ್ಟೇಜ್ ಸದ್ದು ಪ್ರತಿ ವರ್ಗಮೂಲ ಹರ್ಟ್ಜ್‌ಗೆ 18 ನ್ಯಾನೋವೋಲ್ಟ್, ಎನ್ಇ5532ರದು 5. ಎರಡನೆಯದೇ ಮೇಲು ಎನಿಸುತ್ತದೆ. ಆದರೆ ಎನ್ಇ5532ರ ಕರೆಂಟ್ ಸದ್ದು 0.7 ಪಿಕೋ ಆಂಪಿಯರ್. ಪಿಕಪ್ಪಿನ ಪ್ರತಿಬಾಧೆ ಅನುರಣನದ ಬಳಿ 100 ಕಿಲೋ ಓಮ್ ಮುಟ್ಟಿದಾಗ ಅದರಿಂದ 70 ನ್ಯಾನೋವೋಲ್ಟ್ ಹುಟ್ಟುತ್ತದೆ. ಜೊತೆಗೆ ಅದರ ಬಯಾಸ್ ಕರೆಂಟು 200 ನ್ಯಾನೋ ಆಂಪಿಯರ್‌ನಷ್ಟಿದ್ದು, 1 ಮೆಗಾ ಓಮ್ ಮೇಲೆ 0.2 ವೋಲ್ಟ್ ಡಿಸಿ ಬೀಳುತ್ತದೆ. ಗಿಟಾರ್ ನೇರವಾಗಿ ಸೇರುವ ಹಂತಕ್ಕೆ ಟಿಎಲ್072, ಬಫರ್ ಆದ ಮೇಲಿನ ಹಂತಗಳಿಗೆ ಎನ್ಇ5532. ಟ್ರಾನ್ಸಿಸ್ಟರ್ ಆದರೆ ಬಿಸಿ547 ಬದಲು ಬಿಸಿ549ಸಿ ಅಥವಾ 2ಎನ್5088 ಹಾಕಿ ನೋಡಿ. 2ಎನ್5088ರ ಪಿನ್‌ಗಳ ಕ್ರಮ ಬೇರೆ ಇರುತ್ತದೆ, ಡೇಟಾಶೀಟ್ ನೋಡಿಯೇ ಕೂರಿಸಿ.

ಟಿಕ್ ಟಿಕ್, ಚಾರ್ಜ್ ಪಂಪ್, ಡಿಲೇ

ಟ್ರೆಮೊಲೋ ಮತ್ತು ಫೇಸರ್‌ಗಳ ಎಲ್‌ಎಫ್‌ಓ ಪ್ರತಿ ಸಲ ಮಗ್ಗುಲು ಬದಲಿಸುವಾಗ ಪೂರೈಕೆಯಿಂದ ಒಮ್ಮೆಲೇ ಕರೆಂಟು ಎಳೆಯುತ್ತದೆ. ಅದೇ ಟಿಕ್. ಎಲ್‌ಎಫ್‌ಓದಲ್ಲಿ ಟಿಎಲ್072 ಇದ್ದರೆ ಟಿಎಲ್062 ಹಾಕಿ. ಪಿನ್‌ಗಳು ಅವೇ, ವಿಶ್ರಾಂತಿಯಲ್ಲಿ ಎಳೆಯುವ ಕರೆಂಟು ಪ್ರತಿ ಭಾಗಕ್ಕೆ 1.4 ಮಿಲಿ ಆಂಪಿಯರ್‌ನಿಂದ 0.2ಕ್ಕೆ ಇಳಿಯುತ್ತದೆ. ಇಷ್ಟಕ್ಕೇ ಹಲವು ಪೆಡಲ್‌ಗಳು ಸುಮ್ಮನಾಗುತ್ತವೆ. ಉಳಿದರೆ ಎಲ್‌ಎಫ್‌ಓಗೆ ಪ್ರತ್ಯೇಕವಾಗಿ 100 ಓಮ್ ಮತ್ತು 100 ಮೈಕ್ರೋಫ್ಯಾರಡ್ ಕೊಟ್ಟು, ಗ್ರೌಂಡನ್ನೂ ಕೇಂದ್ರದವರೆಗೆ ಬೇರೆಯಾಗಿಯೇ ಎಳೆಯಿರಿ. ಸ್ಪೀಡ್ ಗುಬ್ಬಿಯ ತಂತಿಗಳು ಆಡಿಯೋ ತಂತಿಗಳ ಜೊತೆ ಒಂದೇ ಕಟ್ಟಿನಲ್ಲಿ ಹೋಗಬಾರದು.

9 ವೋಲ್ಟನ್ನು 18 ಮಾಡುವ ಅಥವಾ ಋಣ ವೋಲ್ಟೇಜ್ ಕೊಡುವ ಚಾರ್ಜ್ ಪಂಪ್‌ಗಳು ಕುಂಯ್ ಎಂದರೆ ಅವುಗಳ ಗಡಿಯಾರ 10 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಓಡುತ್ತಿದೆ ಎಂದರ್ಥ. ಟಿಸಿ1044ಎಸ್ ಮತ್ತು ಐಸಿಎಲ್7660ಎಸ್‌ನಲ್ಲಿ 1ನೇ ಪಿನ್ನನ್ನು 8ನೇ ಪಿನ್‌ಗೆ ಸೇರಿಸಿದರೆ ಗಡಿಯಾರ 35 ಕಿಲೋಹರ್ಟ್ಜ್ ಅಥವಾ ಅದಕ್ಕೂ ಮೇಲೇರಿ ಕಿವಿಯಿಂದ ದೂರವಾಗುತ್ತದೆ. ಹೆಸರಿನ ಕೊನೆಯಲ್ಲಿ ಎಸ್ ಇಲ್ಲದ ಐಸಿಎಲ್7660ಗೆ ಈ ಸೌಲಭ್ಯವಿಲ್ಲ.

ಪಿಟಿ2399 ಎಂಬ ಐಸಿ ಬಳಸುವ ಡಿಲೇಗಳಲ್ಲಿ ವಿಳಂಬ ಹೆಚ್ಚಿಸಿದಷ್ಟೂ ಗಡಿಯಾರ ನಿಧಾನವಾಗಿ ಕೊರೆಯುವ ಸದ್ದು ಏರುತ್ತದೆ; ಅದು ಆ ಐಸಿಯ ಸ್ವಭಾವ. ಗಿಡ್ಡ ವಿಳಂಬದಲ್ಲೂ ಸದ್ದಿದ್ದರೆ ಮಾತ್ರ 5 ವೋಲ್ಟ್ ರೆಗ್ಯುಲೇಟರ್‌ನ ಸುತ್ತಲಿನ ಕೆಪಾಸಿಟರ್‌ಗಳನ್ನೂ, 3 ಮತ್ತು 4ನೇ ಪಿನ್‌ಗಳ ಗ್ರೌಂಡನ್ನೂ ನೋಡಿ.

ಚರಚರ, ಟಪ್, ರೇಡಿಯೋ

ಗುಬ್ಬಿ ತಿರುಗಿಸುವಾಗ ಮಾತ್ರ ಚರಚರ ಎಂದರೆ ಹೊಸ ಪಾಟ್ ಕೊಳ್ಳುವ ಮುನ್ನ ಅದರ ಎರಡು ಹೊರಕಾಲುಗಳ ನಡುವೆ ಡಿಸಿ ಅಳೆಯಿರಿ. ಸೊನ್ನೆಯ ಹತ್ತಿರ ಇರಬೇಕು. ಕೆಲವು ನೂರು ಮಿಲಿವೋಲ್ಟ್ ಇದ್ದರೆ ಅದರ ಹಿಂದಿನ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ ಅಥವಾ ಎಲೆಕ್ಟ್ರೊಲಿಟಿಕ್ ತಿರುಗಾಮುರುಗಾ ಕೂತಿದೆ. ಮುಟ್ಟದೆಯೂ ಚರಚರ ಎಂದರೆ ಮರದ ಕಡ್ಡಿಯಿಂದ ಪ್ರತಿ ಬೆಸುಗೆಯನ್ನೂ ಮೆಲ್ಲಗೆ ತಟ್ಟಿ. ಮಂಕಾಗಿ ಗುಂಡಗೆ ಕೂತ ಬೆಸುಗೆಗಳನ್ನು 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ವಲ್ಪ ಹೊಸ ಫ್ಲಕ್ಸ್ ಹಾಕಿ ಮತ್ತೆ ಕರಗಿಸಿ. ತಟ್ಟಿದಾಗ ಚರಚರ ಬದಲು ಟಣ್ ಎಂದು ಕೇಳಿದರೆ ಅದು ಬೆಸುಗೆಯಲ್ಲ, ಸೆರಾಮಿಕ್ ಕೆಪಾಸಿಟರ್ ಅದುರನ್ನು ವೋಲ್ಟೇಜ್ ಮಾಡುತ್ತಿದೆ. ಸಿಗ್ನಲ್ ದಾರಿಯಲ್ಲಿ ಅದರ ಜಾಗಕ್ಕೆ ಫಿಲ್ಮ್ ಕೆಪಾಸಿಟರ್ ಹಾಕಿ.

ಸ್ವಿಚ್ ತುಳಿದಾಗ ಟಪ್ ಎಂದರೆ ಇನ್‌ಪುಟ್ ಕೆಪಾಸಿಟರ್‌ನ ಹೊರಬದಿಯಿಂದ ಗ್ರೌಂಡ್‌ಗೆ 1ರಿಂದ 2.2 ಮೆಗಾ ಓಮ್ ಹಾಕಿ. ಔಟ್‌ಪುಟ್‌ನಲ್ಲಿ ವಾಲ್ಯೂಮ್ ಪಾಟ್ ಇಲ್ಲದಿದ್ದರೆ ಅಲ್ಲಿಗೂ ಅಂಥದೇ ಒಂದು. ರೇಡಿಯೋ ಕೇಂದ್ರ ಕೇಳಿಸಿದರೆ ಇನ್‌ಪುಟ್‌ನಲ್ಲಿ 10 ಕಿಲೋ ಓಮ್ ಸರಣಿಯಲ್ಲಿ ಹಾಕಿ, ಅದರ ನಂತರ 100 ಪಿಕೋಫ್ಯಾರಡ್ ಗ್ರೌಂಡ್‌ಗೆ ಹಾಕಿ. ಸುಮಾರು 160 ಕಿಲೋಹರ್ಟ್ಜ್ ಮೇಲಿನದೆಲ್ಲ ಕುಗ್ಗುತ್ತದೆ.

ಇಷ್ಟಕ್ಕೂ ಸಿಗದಿದ್ದರೆ: ಆಡಿಯೋ ಪ್ರೋಬ್

ಗಿಟಾರ್ ಕೇಬಲ್ ಒಂದರ ಒಂದು ಕಡೆಯ ಪ್ಲಗ್ ಕತ್ತರಿಸಿ. ಹೊರಹೆಣಿಗೆಗೆ ಮೊಸಳೆ ಕ್ಲಿಪ್ ಬೆಸೆಯಿರಿ. ನಡುವಿನ ತಂತಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್‌ನ ಒಂದು ಕಾಲು ಬೆಸೆದು, ಇನ್ನೊಂದು ಕಾಲನ್ನು ನೆಟ್ಟಗೆ ಬಿಡಿ, ಅದೇ ಮೊನೆ. ಕೆಪಾಸಿಟರ್ ಡಿಸಿಯನ್ನು ತಡೆದು ಆಡಿಯೋವನ್ನಷ್ಟೇ ಆಂಪ್‌ಗೆ ಬಿಡುತ್ತದೆ. ಆಂಪ್‌ನ ವಾಲ್ಯೂಮ್ ತೀರಾ ತಗ್ಗಿಸಿಟ್ಟೇ ಶುರು ಮಾಡಿ.

ಕ್ಲಿಪ್ಪನ್ನು ಪೆಡಲ್‌ನ ಗ್ರೌಂಡ್‌ಗೆ ಹಿಡಿಸಿ, ಇನ್‌ಪುಟ್‌ಗೆ ಶಾರ್ಟಿಂಗ್ ಪ್ಲಗ್ ಹಾಕಿ, ಸರ್ಕ್ಯೂಟ್ ಚಿತ್ರ ಎದುರಿಗಿಟ್ಟುಕೊಂಡು ಮೊನೆಯನ್ನು ಇನ್‌ಪುಟ್‌ನಿಂದ ಔಟ್‌ಪುಟ್‌ನ ಕಡೆಗೆ ಒಂದೊಂದು ಬಿಡಿಭಾಗ ದಾಟಿಸುತ್ತ ಬನ್ನಿ: ಇನ್‌ಪುಟ್ ಕೆಪಾಸಿಟರ್‌ನ ಎರಡೂ ಕಾಲು, ಆಪ್-ಆಂಪ್‌ನ 3ನೇ ಪಿನ್, ಆಮೇಲೆ 1ನೇ ಪಿನ್, ಟೋನ್ ಪಾಟ್, 5ನೇ ಪಿನ್, 7ನೇ ಪಿನ್, ವಾಲ್ಯೂಮ್. ಆಡಿಯೋ ಇರಲೇಬಾರದ ಎರಡು ಜಾಗಗಳನ್ನೂ ಮುಟ್ಟಿ ನೋಡಿ, 8ನೇ ಪಿನ್ ಮತ್ತು 4.5 ವೋಲ್ಟ್ ಬಿಂದು. ಅಲ್ಲಿ ನಿಶ್ಶಬ್ದ ಇರಬೇಕು. ಗೇನ್ ಹಂತ ದಾಟಿದಾಗ ಸುಯ್ ಸ್ವಲ್ಪ ಏರುವುದು ಸಹಜ. ಹಿಂದಿನ ಬಿಂದುವಿನಲ್ಲಿ ಇಲ್ಲದ ಗುಂಯ್, ಟಿಕ್ ಅಥವಾ ಕುಂಯ್ ಮುಂದಿನ ಬಿಂದುವಿನಲ್ಲಿ ಇದ್ದಕ್ಕಿದ್ದಂತೆ ಕಾಣಿಸಿದರೆ ತಪ್ಪು ಆ ಎರಡು ಬಿಂದುಗಳ ನಡುವೆಯೇ ಇದೆ. ಈಗ ಐರನ್ ಬಿಸಿ ಮಾಡಿ. ಅಲ್ಲಿರುವ ಎರಡು ಮೂರು ಬಿಡಿಭಾಗಗಳ ಮೌಲ್ಯ (ಓಮ್, ಫ್ಯಾರಡ್), ಧ್ರುವತೆ, ಬೆಸುಗೆ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ ಮೇಲೆ ಮುಚ್ಚಳ ಹಾಕಿ, ಅದೇ ಆಂಪ್ ಸೆಟ್ಟಿಂಗ್‌ನಲ್ಲಿ ಮತ್ತೆ ಕೇಳಿ.